ಹಡಗಿಗೆ ಬೂದು ಬಣ್ಣ ಬಳಿದ ಮೇಲೆ

ಶಿರಾಡಿ ಘಾಟಿಯ ಎರಡನೇ ತಿರುವಿಗೇ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕುವ ಮನುಷ್ಯ ನಾನು. ಆದರೂ ಒಬ್ಬ ವಿದೇಶಿ ಕುಬೇರನ ವಿಹಾರನೌಕೆಯಲ್ಲಿ ಕಾಫಿ ಮಾಡುವ ಕೆಲಸ ಸಿಕ್ಕಾಗ, ಸಮುದ್ರ ನನ್ನ ದಾರಿಯನ್ನೇ ಕಾಯುತ್ತಿದೆ ಎಂಬ ಧೈರ್ಯದಲ್ಲಿ ವನಗೂರು ಬಿಟ್ಟು ಹೊರಟೆ.

"ರೀ, ನಿಮಗೆ ಈಜೋಕೇ ಬರಲ್ವಲ್ರೀ," ಎಂದಳು ಹೆಂಡತಿ ಜಯಂತಿ.

"ಹಡಗು ಈಜುತ್ತೆ ಕಣೇ. ನಾನ್ಯಾಕೆ ಈಜ್ಲಿ?"

ಹಡಗೋ, ತೇಲುವ ಅರಮನೆ! ಅಮೃತಶಿಲೆಯ ಬಚ್ಚಲು, ಊಟದ ಕೋಣೆಯಲ್ಲಿ ಗಾಜಿನ ತೂಗುದೀಪ, ಮೇಲಂತಸ್ತಿನಲ್ಲಿ ಈಜುಕೊಳ. ಸುತ್ತಲೂ ಸಮುದ್ರವಿದ್ದರೂ ಶ್ರೀಮಂತರಿಗೆ ಬೇರೆ ನೀರೇ ಬೇಕು. ಎಂಜಿನ್ ಕೋಣೆಯಲ್ಲಿ ಮಂಗಳೂರಿನ ಅಂತೋಣಿ ಇದ್ದ. ಇಡೀ ಹಡಗಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ಅಷ್ಟರಲ್ಲಿ ಧಣಿಯ ದೇಶದಲ್ಲಿ ಯುದ್ಧ ಶುರುವಾಯಿತು. ಅವನು ವಿಮಾನ ಹತ್ತಿ ಪಾರಾದ. ಅಲ್ಲಿನ ನೌಕಾಪಡೆಯವರು ಹಡಗನ್ನು ವಶಕ್ಕೆ ತೆಗೆದುಕೊಂಡು, ಬೂದು ಬಣ್ಣ ಬಳಿದು, ಈಜುಕೊಳದ ಮೇಲೆ ಹಲಗೆ ಹೊದಿಸಿ ಫಿರಂಗಿ ಕೂರಿಸಿದರು. ತೂಗುದೀಪ ಬಿಚ್ಚಲು ಯಾರಿಗೂ ಪುರುಸೊತ್ತಾಗಲಿಲ್ಲ.

ಅಧಿಕಾರಿಯೊಬ್ಬ ನಮ್ಮನ್ನು ಸಾಲಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಅಡುಗೆಮನೆಯವರು ಯಾರೆಂದು ಕೇಳುತ್ತಿದ್ದಾನೆಂದುಕೊಂಡು ನಾನು ಎದೆಯುಬ್ಬಿಸಿ ಕೈ ಎತ್ತಿದೆ. ನನ್ನನ್ನು ನೋಡಿ ಅಂತೋಣಿಯೂ ಎತ್ತಿದ. ಉಳಿದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಇಳಿದು ಹೋದರು! ಅಧಿಕಾರಿ ಕೇಳಿದ್ದು, ಯುದ್ಧಕ್ಕೆ ಸ್ವಂತ ಇಚ್ಛೆಯಿಂದ ಬರುವವರು ಯಾರೆಂದು.

"ನಿಂಗೆ ಇಂಗ್ಲಿಷ್ ಬರ್ತದೆ ಅಂತ ಅಲ್ವಾ ಮಾರಾಯ ನಾನು ಕೈ ಎತ್ತಿದ್ದು!" ಎಂದ ಅಂತೋಣಿ.

ಮನೆಗೆ ಫೋನ್ ಮಾಡಿ, "ನೇವಿಗೆ ಸೇರ್ಬುಟ್ಟೆ ಕಣೇ," ಎಂದೆ ಗಂಭೀರವಾಗಿ.

"ವಾಂತಿ ನಿಂತೈತಾ?" ಎಂದಳು ಜಯಂತಿ.

ನಿಂತಿರಲಿಲ್ಲ. ಆದರೂ ದುರ್ಬೀನು ಕೊಟ್ಟು ನನ್ನನ್ನು ಕಾವಲಿಗೆ ನಿಲ್ಲಿಸಿದರು. ಮೊದಲು ನಾನು ಡಾಲ್ಫಿನ್ ನೋಡಿ ಟಾರ್ಪೆಡೋ ಎಂದು ಕೂಗಿದೆ. ಹಡಗಿಗೆ ಹಡಗೇ ಲೈಫ್ ಜಾಕೀಟು ತೊಟ್ಟು ದೇವರನ್ನು ನೆನೆಯಿತು. ಆಮೇಲೆ ಕಡಲಹಕ್ಕಿಗಳ ಹಿಂಡು ನೋಡಿ ಡ್ರೋನ್ ಎಂದೆ. ಫಿರಂಗಿ ಹಾರಿಸಿಯೇಬಿಟ್ಟರು! ಹಕ್ಕಿಗಳಿಗೆ ಏನೂ ಆಗಲಿಲ್ಲ. ಆ ಏಟಿಗೆ ಹಲಗೆ ಮುರಿದು ಫಿರಂಗಿಯೇ ಈಜುಕೊಳದೊಳಗೆ ಕೂತಿತು. ಕೆಳಗೆ ತೂಗುದೀಪ ಪುಡಿಪುಡಿ. ಅಧಿಕಾರಿ ದುರ್ಬೀನು ಕಿತ್ತುಕೊಂಡು ಅಡುಗೆಮನೆಯ ಕಡೆ ಬೆರಳು ತೋರಿಸಿದ.

ಒಂದು ಮಧ್ಯಾಹ್ನ ಕಾಫಿ ಸೋಸುತ್ತಿದ್ದಾಗ ಕಿಟಕಿಯಲ್ಲಿ ಏನೋ ಹಾರಿಬರುವುದು ಕಂಡಿತು. ಈ ಸಲ ರೆಕ್ಕೆ ಬಡಿಯುತ್ತಿರಲಿಲ್ಲ. ಪಾತ್ರೆ ಹಿಡಿದುಕೊಂಡೇ ಓಡಿ, "ಡ್ರೋನ್!" ಎಂದು ಕಿರುಚಿದೆ. ಅಧಿಕಾರಿ ತಿರುಗಿಯೂ ನೋಡದೆ, "ಡಾಲ್ಫಿನ್ನೋ? ಹಕ್ಕಿಯೋ?" ಎಂದ. ಎಲ್ಲರೂ ನಕ್ಕರು.

ಅದು ನೇರವಾಗಿ ಎಂಜಿನ್ ಕೋಣೆಗೆ ಬಡಿಯಿತು.

ನನಗೆ ಬಿಸಿ ಕಾಫಿ ಚೆಲ್ಲಿ ಮೊಣಕೈ ಸುಟ್ಟಿತು, ಅಷ್ಟೇ. ಅಂತೋಣಿಯನ್ನು ಹೊಗೆಯಿಂದ ಎಳೆದು ತಂದರು. ಜೀವವಿತ್ತು. ಎರಡೂ ಕಿವಿ ಕಿವುಡಾಗಿದ್ದವು. ನಾನು ಅಳುತ್ತಾ ಏನೇನೋ ಹೇಳುತ್ತಿದ್ದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ.

ಅವನ ಚಿಕಿತ್ಸೆಗಾಗಿ ನೌಕಾಪಡೆಯವರನ್ನು ಕೇಳಿದೆ. "ನೀವು ಧಣಿಯ ಕೆಲಸದವರು," ಎಂದರು. ಧಣಿಯ ಕಡೆಯವರನ್ನು ಕೇಳಿದೆ. "ಆಗ ಹಡಗು ನೌಕಾಪಡೆಯದು," ಎಂದರು. ಅಂದರೆ ಡ್ರೋನ್ ಬಡಿದಾಗ ನಾವಿಬ್ಬರೂ ಎಲ್ಲಿಯೂ ಇರಲೇ ಇಲ್ಲ! ಹಡಗು ಮಾತ್ರ ಚೆನ್ನಾಗಿ ರಿಪೇರಿಯಾಯಿತಂತೆ.

ಊರಿಗೆ ಬಂದ ಮೇಲೆ ಹಾನುಬಾಳಿನ ಒಂದು ಶಾಲೆಯವರು ಬಾವುಟ ಹಾರಿಸಲು ಈ 'ವೀರಯೋಧ'ನನ್ನು ಕರೆದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಜಯಂತಿಯನ್ನೂ ಜೀಪು ಹತ್ತಿಸಿಕೊಂಡು ಹೋದೆ. ಭಾಷಣ ಅಮೋಘವಾಗಿ ಸಾಗಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಶತ್ರುಗಳು ಯಾರು ಸಾರ್?"

ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಗೊತ್ತಿಲ್ಲಮ್ಮ."

"ಗೆದ್ದೋರು ಯಾರು ಸಾರ್?"

"ಅದೂ ಗೊತ್ತಿಲ್ಲ."

ಹೆಡ್‌ಮಾಸ್ಟರು ಗಡಿಬಿಡಿಯಿಂದ ಚಪ್ಪಾಳೆ ತಟ್ಟಿಸಿದರು.

ವಾಪಸು ಬರುವಾಗ ಜಯಂತಿ ಮೆಲ್ಲಗೆ, "ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹೋಟ್ಲಲ್ಲಿದ್ದೆ ಅನ್ಬುಡಿ," ಎಂದಳು.

ಅಂದಿನಿಂದ ನಾನು ಹೋಟೆಲಿನಲ್ಲಿದ್ದವನು. ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.