ಆಡಿನ ಬಾಣಂತನ

ಬಾಣಂತನಕ್ಕೆ ಹೊರಡುವ ಹೆಂಗಸು ವಿಮಾನ ಹತ್ತುವ ಮೊದಲೇ ಒಂದು ಮಾತು ಕೇಳಿಕೊಳ್ಳಬೇಕು: ಯಾರ ಬಾಣಂತನ? ನಾನು ಕೇಳಲಿಲ್ಲ. ಮಗಳು ಸುಧಾಳ ಹೆರಿಗೆ ಎಂದರು, ಧಾರವಾಡದಿಂದ ಮೆಲ್ಬರ್ನಿಗೆ ಬಂದೇಬಿಟ್ಟೆ. ಮೊಮ್ಮಗಳು ಹುಟ್ಟಿದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅವಳ ಚೆಂದ ಬರೆಯುವಷ್ಟು ಅಕ್ಷರ ನನ್ನಲ್ಲಿಲ್ಲ. ಆಕಳಿಸಿದರೂ ಚೆಂದ, ಅತ್ತರೂ ಚೆಂದ, ನನ್ನ ಹೊಸ ಸೀರೆ ತೋಯಿಸಿದ್ದೂ ಚೆಂದವೇ. ಇರಲಿ, ಅವಳ ಸುದ್ದಿ ಹಿಡಿದರೆ ಆಡಿಗೆ ಜಾಗ ಉಳಿಯುವುದಿಲ್ಲ.

ಹೌದು, ಆಡು. ಮೆಲ್ಬರ್ನಿನ ಹೊರಗೆ ವೆರಿಬೀ ಎಂಬ ಊರು ದಾಟಿ, ಒಂದೆಕರೆ ಹುಲ್ಲಿನ ನಡುವೆ ಮಗಳು ಅಳಿಯನ ಮನೆ. ಮನೆ ಮಾರಿ ಹೋದವರು ಹಿತ್ತಲಿನ ಶೆಡ್ಡಿನ ಜೊತೆ ಡೈಸಿ ಎಂಬ ಆಡನ್ನೂ ಬಿಟ್ಟು ಹೋಗಿದ್ದರು. ಪಕ್ಕದವರ ಹೋತ ಒಮ್ಮೆ ಬೇಲಿ ಹಾರಿ ಬಂದಿತ್ತು. ಡೈಸಿ ಈಗ ತುಂಬಿದ ಗಬ್ಬ. ಜೂನ್ ತಿಂಗಳು ಇಲ್ಲಿ ಕಡು ಚಳಿ. ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ. ನೆಲದ ಮೇಲೆ ಹಾಯಿಸಿದ ಪೈಪಿನೊಳಗೆ ನೀರು ಗಟ್ಟಿಯಾಗಿ ಶೆಡ್ಡಿನ ನಳ ಬಂದ್ ಆಗುತ್ತಿತ್ತು. ಬಕೆಟ್ಟಿನ ನೀರಿಗೆ ಗಾಜಿನಂಥ ಮುಚ್ಚಳ. ಡೈಸಿ ಮೂಸಿ ಮುಖ ತಿರುವುತ್ತಿತ್ತು. ಈಯುವ ಆಡು ನೀರು ಕುಡಿಯದಿದ್ದರೆ ಮರಿಗೆ ಹಾಲು ಎಲ್ಲಿಂದ ಬರಬೇಕು?

"ಅತ್ತಿ, ಶೆಡ್ಡಿಗೆ ಕರೆಂಟ್ ಎಳಸ್ತೇನ್ರಿ, ಹೀಟರ್ ಹಾಕಿದ್ರ ನೀರು ಬೆಚ್ಚಗ ಇರ್ತದ," ಎಂದರು ಅಳಿಯ ಮಂಜುನಾಥ.

"ಎಳೀರಲ್ಲ ಮತ್ತ, ಯಾರ್ ಬ್ಯಾಡಂದಾರ?"

"ನಾವ ಎಳಿಯೂಹಂಗಿಲ್ರಿ ಇಲ್ಲೆ. ಲೈಸೆನ್ಸ್ ಇದ್ದ ಇಲೆಕ್ಟ್ರಿಶಿಯನ್ನ ಬರಬೇಕು. ಬುಕ್ ಮಾಡೀನಿ."

ಬುಕ್ ಆದವನು ಬರುವವರೆಗೆ ಆಡು ಕಾಯುತ್ತದೆಯೇ? ಸುಧಾಳಿಗೆಂದು ಅಜವಾನ, ಬೆಲ್ಲ ಹಾಕಿ ನೀರು ಕುದಿಸುತ್ತಿದ್ದೆ. ಅದೇ ಕೆಟಲಿನಲ್ಲಿ ಇನ್ನೊಂದಿಷ್ಟು ನೀರು ಹೆಚ್ಚು ಹಾಕಿ, ಉಗುರುಬೆಚ್ಚಗೆ ಆರಿಸಿ ಡೈಸಿಗೂ ಒಯ್ದೆ. ಮೂಗು ಮುಳುಗಿಸಿ ಕುಡಿಯಿತು. ಸುಧಾಳಿಗೆ ಆ ಅಜವಾನದ ನೀರು ಕಂಡರಾಗದು. "ಅವ್ವಾ, ನನ್ನ ಪಾಲೂ ಅದಕ್ಕ ಹಾಕು, ಪುಣ್ಯಾ ಬರ್ತದ," ಎನ್ನುತ್ತಿದ್ದಳು. ಹೀಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳಿಯನ ಕೋಟು ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಕೆಟಲು ಹಿಡಿದು ಹಿತ್ತಲಿಗೆ ನನ್ನ ಸವಾರಿ. ಮೊಣಕಾಲುಗಳು ನನ್ನ ಜೊತೆ ಮಾತು ಬಿಟ್ಟಿದ್ದವು. ಒಳಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರೆ ನೋವೆಲ್ಲ ಮಾಯ; ಎದ್ದು ನಿಂತರೆ ಮತ್ತೆ ಹಾಜರ್.

ಕೊನೆಗೆ ಇಲೆಕ್ಟ್ರಿಶಿಯನ್ ಬಂದ. ನೆಲ ಅಗೆದು ವೈರ್ ಹೂತ. ಪೈಪನ್ನೂ ಇನ್ನೊಬ್ಬ ಬಂದು ಮಣ್ಣಿನೊಳಗೆ ಇಳಿಸಿದ. ಶೆಡ್ಡಿನಲ್ಲಿ ದೀಪ ಬೆಳಗಿತು, ಹೀಟರ್ ಇದ್ದ ಬೋಗುಣಿಯಲ್ಲಿ ನೀರು ಬೆಚ್ಚಗಾಯಿತು. ಕೆಟಲು ಕೆಳಗಿಟ್ಟು, "ಇನ್ನ ನನಗ ಪಿಂಚಣಿ ಬಂತವಾ," ಎಂದು ಸೋಫಾದಲ್ಲಿ ಕಾಲು ಚಾಚಿದೆ.

ಡೈಸಿ ಬೋಗುಣಿ ಮೂಸಿತು. ಅಡುಗೆಮನೆಯ ಬಾಗಿಲು ನೋಡಿತು. ಒದರಿತು. ಸಂಜೆಯವರೆಗೂ ಒಂದು ಗುಟುಕು ಮುಟ್ಟಲಿಲ್ಲ. ಕೆಚ್ಚಲು ಬಿಗಿದು ನಿಂತಿದೆ, ಇಂದೋ ನಾಳೆಯೋ ಈಯಬೇಕು, ನೀರೇ ಒಲ್ಲದು.

"ಅವ್ವಾ, ಅದಕ್ಕ ಬಾಣಂತಿ ರುಚಿ ಹತ್ತಿಸೀದಿ ನೀ!" ಎಂದಳು ಸುಧಾ. "ನನಗ ಹತ್ತಲಿಲ್ಲ, ಅದಕ್ಕ ಹತ್ತೇತಿ."

ಅಳಿಯನ ಮುಖ ನೋಡಲಾಗದು. ಅಷ್ಟು ಅಗೆಸಿದ ಮನುಷ್ಯ, ಪಾಪ. ಮತ್ತೆ ಕೋಟು ತೊಟ್ಟೆ, ಅಜವಾನ ಬೆಲ್ಲ ಕುದಿಸಿದೆ, ಆರಿಸಿ ಒಯ್ದು ಆ ಹೊಸ ಬೋಗುಣಿಗೇ ಸುರಿದೆ. ಡೈಸಿ ತಳ ಕಾಣುವ ಹಾಗೆ ಕುಡಿಯಿತು. ಮರುದಿನ ಮಧ್ಯಾಹ್ನ ಅವಳಿ ಮರಿ ಹಾಕಿತು; ಮರಿಗಳೆರಡೂ ಬಾಲ ಕುಣಿಸಿ ಹಾಲು ಕುಡಿದವು. ನನ್ನ ಕಣ್ಣಲ್ಲಿ ನೀರು ಬಂತು. ಅದೊಂದು ಮಾತ್ರ ಈ ಚಳಿಯಲ್ಲಿ ಹೆಪ್ಪುಗಟ್ಟಲಿಲ್ಲ.

ಸಂಜೆ ಅಳಿಯ ಮೆಲ್ಲಗೆ ಕೇಳಿದರು: "ಅತ್ತಿ, ನಿಮ್ಮ ಟಿಕೆಟ್ ಸ್ವಲ್ಪ ಮುಂದ ಹಾಕಿಸ್ಲೇನ್ರಿ?"

ಇದ್ದಬದ್ದ ದಣಿವನ್ನೆಲ್ಲ ಮುಖಕ್ಕೆ ತಂದುಕೊಂಡು ಉಸಿರು ಬಿಟ್ಟೆ. "ಏನ್ ಮಾಡೂದ್ರೀ, ಆಡಿನ ಸಲುವಾಗಿ ಹಾಕಸ್ರಿ," ಎಂದೆ. ಕೂಸು ನನ್ನ ಬೆರಳು ಬಿಗಿಯಾಗಿ ಹಿಡಿದಿತ್ತು. ಬಿಡಿಸಿಕೊಳ್ಳುವ ಗೋಜಿಗೆ ನಾನು ಹೋಗಲಿಲ್ಲ.