ಭೀಮಸಿಯ ಐದು ನಿಮಿಷ

ಜುಗೂಳದ ಆ ಪುಟ್ಟ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಭಾನುವಾರ ಆರಾಧನೆ ಮುಗಿಯುವ ಮೊದಲು ಸಭೆಯವರಲ್ಲಿ ಒಬ್ಬರು ಎದ್ದು ನಿಂತು, ಆ ವಾರ ತಮ್ಮ ಮನೆಯೊಳಗೆ ದೇವರು ಕಲಿಸಿದ ಒಂದು ಪಾಠವನ್ನು ಐದು ನಿಮಿಷ ಹೇಳಬೇಕು. ಕಟ್ಟಳೆ ಎರಡೇ. ಹೇಳಿದ್ದು ನಿಜವಾಗಿ ನಡೆದಿರಬೇಕು. ಮೊದಲು ಯಾರೂ ಹೇಳಿರಬಾರದು.

ಈ ಎರಡನೆಯ ಕಟ್ಟಳೆಯೇ ಭೀಮಸಿಯನ್ನು ಕಾಡುತ್ತಿತ್ತು. ಉಪ್ಪಿನ ಪಾಠ ಹೋದ ವರ್ಷವೇ ಮುಗಿದಿತ್ತು. ದೀಪ, ಹುಳಿಹಿಟ್ಟು, ಸಾಸಿವೆಕಾಳು ಒಂದೊಂದಾಗಿ ಖರ್ಚಾಗಿದ್ದವು. ಒಬ್ಬಾಕೆ ಕುಕ್ಕರಿನ ಸೀಟಿಯಲ್ಲಿಯೂ ಪಾಠ ಕಂಡು ಸಭೆಯ ಕಣ್ಣಲ್ಲಿ ನೀರು ತರಿಸಿದ್ದಳು. ಮೂವತ್ತೈದು ವರ್ಷ ಪೋಸ್ಟ್‌ಮನ್ ಆಗಿ ಮಂದಿಯ ಮನೆಮನೆಗೆ ಸುದ್ದಿ ಮುಟ್ಟಿಸಿದ ಭೀಮಸಿಗೆ ತನ್ನ ಮನೆಯಿಂದ ಹೇಳಲು ಮಾತ್ರ ಒಂದು ಸುದ್ದಿಯೂ ಇರಲಿಲ್ಲ. ಮೂರು ಸಲ ಪಾಳಿ ಬಂದಾಗ ಒಮ್ಮೆ ನೆಗಡಿ, ಒಮ್ಮೆ ಬಂಧುಗಳ ಲಗ್ನ, ಒಮ್ಮೆ ಏನೂ ಸಿಗದೆ ಕಾಲು ಉಳುಕಿದೆ ಎಂದು ಕುಂಟಿ ತಪ್ಪಿಸಿಕೊಂಡಿದ್ದ.

ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ಸೋಮವಾರ ಮಿರಜದಲ್ಲಿ ಹೆಂಡತಿ ಕುಸುಮವ್ವನ ಕಣ್ಣಿನ ಆಪರೇಷನ್ ಆಗಿತ್ತು. ಒಳಗೆ ಕರೆದುಕೊಂಡು ಹೋಗುವಾಗ ಅವಳು ಅವನ ಕೈ ಹಿಡಿದು, "ಐತವಾರ ನಾ ಎರಡೂ ಕಣ್ಣಿಂದ ನಿಮ್ಮನ್ನ ನೋಡಬೇಕು. ಮುಂದ ನಿಂತು ಹೇಳ್ರಿ. ನಮ್ಮ ಮನ್ಯಾಗೂ ದೇವರದಾನ ಅಂತ ಮಂದಿಗೆ ಗೊತ್ತಾಗಲಿ," ಎಂದಿದ್ದಳು. ಅವನು ಮಾತು ಕೊಟ್ಟಿದ್ದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ.

ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ಒಲೆಯ ಮುಂದೆ ಕೂರಬಾರದು, ಬಗ್ಗಿ ಕೆಲಸ ಮಾಡಬಾರದು, ಅಳಬಾರದು. ಹಾಗಾಗಿ ಕುಸುಮವ್ವ ಕಪ್ಪು ಕನ್ನಡಕ ಹಾಕಿ, ಬೆಳಕು ಚುಚ್ಚದಂತೆ ಸೆರಗನ್ನು ಮುಂದೆ ಎಳೆದುಕೊಂಡು ಒಳಮನೆಯ ಮೂಲೆಯಲ್ಲಿ ಕುಳಿತಳು. ಅಡಿಗೆಮನೆ ಭೀಮಸಿಯ ಕೈಗೆ ಬಂತು. ಮಂಗಳವಾರ ಹಾಲು ಉಕ್ಕಿತು. ಅದು ಹೇಳಿ ಮುಗಿದ ಪಾಠ. ಬುಧವಾರ ಅವನು ಬಡಿದ ರೊಟ್ಟಿ ಬೆಳಗಾವಿ ಜಿಲ್ಲೆಯ ನಕಾಶೆಯಂತೆ ಹರಡಿ, ಹಂಚಿನ ಮೇಲೆ ತಾಲೂಕು ತಾಲೂಕಾಗಿ ಒಡೆಯಿತು. ಅದರಲ್ಲಿ ದೇವರು ಏನು ಹೇಳುತ್ತಿದ್ದಾನೆಂದು ತಿಳಿಯಲಿಲ್ಲ. ಗುರುವಾರ ಹಿಟ್ಟೇ ತೀರಿತು. ಪಕ್ಕದ ಮನೆಯ ಕೆಂಪವ್ವ ಒಂದು ಸ್ಟೀಲ್ ಡಬ್ಬಿಯ ತುಂಬ ಜೋಳದ ಹಿಟ್ಟು ಕೊಟ್ಟಳು.

ಶನಿವಾರ ಬೆಳಿಗ್ಗೆ ಸತ್ಯವೇದ ತೆರೆದು ಕುಳಿತಾಗ ಹತ್ತು ಬೆಳ್ಳಿಯ ನಾಣ್ಯಗಳ ಹೆಂಗಸು ಕಣ್ಣಿಗೆ ಬಿದ್ದಳು. ಒಂದನ್ನು ಕಳೆದುಕೊಂಡಳು, ದೀಪ ಹಚ್ಚಿ ಮನೆ ಗುಡಿಸಿದಳು, ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳು. ಭೀಮಸಿ ಎದ್ದು ನಿಂತ. ಈ ಪಾಠವನ್ನು ಯಾರೂ ಹೇಳಿರಲಿಲ್ಲ. ಯಾಕೆಂದರೆ ಸಭೆಯಲ್ಲಿ ಈಚೆಗೆ ಯಾರಿಗೂ ಏನೂ ಕಳೆದಿರಲಿಲ್ಲ!

ಕಳೆದಿರದಿದ್ದರೆ ಕಳೆದರಾಯಿತು. ಬಚ್ಚಿಟ್ಟರೂ ಹುಡುಕುವುದು ನಿಜ, ಸಿಗುವುದೂ ನಿಜ ಎಂದು ತನ್ನ ಮನಸ್ಸಾಕ್ಷಿಗೆ ಸಮಾಧಾನ ಹೇಳಿದ. ಆಪರೇಷನ್‌ಗೆಂದು ಬಿಚ್ಚಿ ಕಪಾಟಿನ ಪುಟ್ಟ ಡಬ್ಬಿಯಲ್ಲಿಟ್ಟಿದ್ದ ಕುಸುಮವ್ವನ ಎರಡು ಬೆಂಡೋಲೆಗಳಲ್ಲಿ ಒಂದನ್ನು ತೆಗೆದ. ಅವು ಅವಳ ಕಿವಿಗೆ ಅವಳ ತಾಯಿ ಹಾಕಿ ಕಳಿಸಿದ್ದು. ತಾಯಿಯದೆಂದು ಅವಳ ಹತ್ತಿರ ಉಳಿದದ್ದು ಅಷ್ಟೇ. ತೆಗೆದದ್ದನ್ನು ಕೆಂಪವ್ವನ ಡಬ್ಬಿಯ ಹಿಟ್ಟಿನಲ್ಲಿ ಬೆರಳಿನಿಂದ ಒತ್ತಿಟ್ಟು, ಹಾಲು ತರಲು ಡೇರಿಗೆ ಹೋದ. ಬಂದ ಮೇಲೆ ಕಳೆದುಕೊಳ್ಳುವುದು, ಹತ್ತು ಗಂಟೆಗೆ ಹುಡುಕುವುದು, ಹನ್ನೊಂದಕ್ಕೆ ಸಂತೋಷಪಡುವುದು ಎಂದು ಯೋಜನೆಯಿತ್ತು.

ಡೇರಿಯ ಸಾಲಿನಲ್ಲಿ ಎರಡು ತಾಸು ಕಾದು ಬಂದು ನೋಡಿದರೆ ಹಿಟ್ಟಿನ ಡಬ್ಬಿಯೇ ಇಲ್ಲ.

ಹೆಂಡತಿಯ ಮುಖ ನೋಡಿದರೆ ಗುಟ್ಟು ಹೊರಬೀಳುತ್ತದೆಂದು ಅವನು ಗೋಡೆಯ ಕ್ಯಾಲೆಂಡರಿನೊಡನೆ ಮಾತಾಡಿದ. "ಕುಸುಮಾ, ಹಿಟ್ಟಿನ ಡಬ್ಬಿ ಎಲ್ಲೈತಿ?"

"ಕೆಂಪವ್ವನ ಸೊಸಿ ರಾಜೇಶ್ವರಿ ಬಂದಿದ್ಳು. ಆಕಿ ಅತ್ತೀಗೆ ಡಬ್ಬಿ ಬೇಕಾಗಿತ್ತಂತ. ಮಂದಿ ಡಬ್ಬಿ ಖಾಲಿ ಕಳಸಾಕ ಬರತೈತೇನ್ರಿ? ಉಳಿದ ಹಿಟ್ಟ ಹಂಗ ಬಿಟ್ಟು, ಮ್ಯಾಲ ಎರಡು ಬೆಲ್ಲದ ಹೆಂಟಿ ಇಟ್ಟು ಕೊಟ್ಟೆ."

"ಹಿಟ್ಟಿನ ಸಮೇತನ?"

"ಹೂಂ. ಯಾಕ್ರಿ, ಅದರಾಗ ಏನರ ಇತ್ತೇನು?"

"ಏನಿಲ್ಲ, ಏನಿಲ್ಲ," ಎಂದ ಭೀಮಸಿ ಕ್ಯಾಲೆಂಡರಿಗೆ, ಮತ್ತು ಹಾಲಿನ ಪಾತ್ರೆ ಹಿಡಿದೇ ಓಡಿದ.

ಕೆಂಪವ್ವ ಹೊಸ್ತಿಲಲ್ಲಿ ಕುಳಿತು ಅದೇ ಬೆಲ್ಲ ಜಜ್ಜುತ್ತಿದ್ದಳು. ಅವಳ ಸೊಸೆ ರಾಜೇಶ್ವರಿ ಒಲೆ ಆರಿಸುತ್ತಿದ್ದಳು.

"ಕೆಂಪಕ್ಕಾ, ಆ ಹಿಟ್ಟು?"

"ರೊಟ್ಟಿ ಆತಲ್ಲೋ ತಮ್ಮಾ. ಕಬ್ಬು ಕಡಿಯೋರಿಗೆ ಬುತ್ತಿ ಹೋಗಬೇಕಾಗಿತ್ತು. ಯಾಕ, ಮಾರಿ ಹಿಂಗ್ಯಾಕ ಬೆಳ್ಳಗಾಗೈತಿ?"

ಭೀಮಸಿ ಬೆಂಡೋಲೆ ಬಿದ್ದದ್ದನ್ನು ಹೇಳಿದ. ಹೇಗೆ ಬಿತ್ತೆಂಬುದನ್ನು ಹೇಳಲಿಲ್ಲ. "ಕುಸುಮಾಗ ಮಾತ್ರ ತಿಳಿಯಬಾರದಕ್ಕಾ. ಅವ್ವಂದಂತ ಅತ್ತಳಂದ್ರ ಕಣ್ಣು ಹೋಗತೈತಿ."

ಕೆಂಪವ್ವನ ಕೈಯ ಗುಂಡುಕಲ್ಲು ನಿಂತಿತು. ಅವಳು ಆ ಕ್ಷಣದಿಂದ ಕುಸುಮವ್ವನ ಕಣ್ಣುಗಳ ಕಾವಲು ತನ್ನದೆಂದು ಹೊತ್ತುಕೊಂಡಳು. ಹೊಲದಲ್ಲಿದ್ದ ಮಗ ಅಣ್ಣಾಸಾಬನಿಗೆ ಫೋನು ಹೋಯಿತು.

"ಕಾಯ್ ಝಾಲಂ, ಏನಾತ ಆಯಿ? ಊಟಕ್ಕ ಕುಂತೇವಿ."

"ತಿನ್ನಬ್ಯಾಡ್ರೋ! ರೊಟ್ಟಿ ಯಾರೂ ನುಂಗಬ್ಯಾಡ್ರಿ!"

ಕಬ್ಬಿನ ಹೊಲದಲ್ಲಿ ಆರು ಮಂದಿ ತುತ್ತು ಬಾಯಲ್ಲಿಟ್ಟುಕೊಂಡು ಗೊಂಬೆಗಳಂತೆ ಕುಳಿತರಂತೆ. ಭೀಮಸಿ ಸೈಕಲ್ ತುಳಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ರೊಟ್ಟಿಗಳನ್ನೆಲ್ಲ ಒಂದು ಟವೆಲ್ಲಿನ ಮೇಲೆ ಪುಡಿಪುಡಿ ಮಾಡಿ ನೋಡಿದ್ದರು. ಬೆಂಡೋಲೆ ಇರಲಿಲ್ಲ. ಯಾವುದು ಯಾರ ರೊಟ್ಟಿಯೆಂದು ಗೊತ್ತಾಗದಂತೆ ರಾಶಿಯಾಗಿತ್ತು. ಅಣ್ಣಾಸಾಬ ಅದನ್ನು ಬೊಗಸೆಯಿಂದ ಆರು ಪಾಲು ಮಾಡಿ, ಹೊಲದ ಒಡೆಯನಾದ ತನಗೆ ಎಲ್ಲರಿಗಿಂತ ಚಿಕ್ಕದನ್ನು ಇಟ್ಟುಕೊಂಡು, "ತಿನ್ರಿ, ಇವತ್ತ ಎಲ್ಲಾರದೂ ಒಂದ ರೊಟ್ಟಿ," ಎಂದ.

ಲಗಮಣ್ಣನೆಂಬ ಕಬ್ಬು ಕಡಿಯುವವನೊಬ್ಬ ಮಾತ್ರ ತಿನ್ನಲಿಲ್ಲ. ಫೋನು ಬರುವ ಮೊದಲೇ ಅವನು ಒಂದು ರೊಟ್ಟಿ ಮುಗಿಸಿದ್ದ.

"ಸಾಹೇಬ್ರ, ನನ್ನ ಬಾಯಾಗ ಏನೋ ಕಟಕ್ ಅಂದಂಗಾಗಿತ್ರಿ," ಎಂದು ಹೊಟ್ಟೆ ಹಿಡಿದುಕೊಂಡ. "ಈಗ ಇಲ್ಲಿ ಚುಚ್ಚಾಕತ್ತೈತಿ."

ಭೀಮಸಿ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಗಾಜಿನ ಸಾಮಾನು ಸಾಗಿಸುವಂತೆ ಮೆಲ್ಲಗೆ ಊರಿಗೆ ತಂದ.

ಅಷ್ಟರಲ್ಲಿ ಓಣಿಗೆಲ್ಲ ಸುದ್ದಿಯಾಗಿತ್ತು. ಸನ್ಮತಿ ಮಾಸ್ತರರು ಶಾಲೆಯಿಂದ ದೊಡ್ಡ ಅಯಸ್ಕಾಂತ ತಂದು ಕೆಂಪವ್ವನ ಅಡಿಗೆಮನೆಯ ನೆಲದ ಮೇಲೆ ಆಡಿಸುತ್ತಿದ್ದರು.

"ಮಾಸ್ತರ, ಬಂಗಾರ ಅದಕ್ಕ ಹತ್ತಂಗಿಲ್ರಿ," ಎಂದ ಭೀಮಸಿ.

"ಗೊತ್ತೈತಿ. ಪಾಠ ಮಾಡಿದಾಂವ ನಾನ. ಆದ್ರ ಸುಮ್ನ ನಿಂದ್ರಾಕ ಮನಸ್ಸಾಗವಲ್ದು."

ಅಯಸ್ಕಾಂತಕ್ಕೆ ನಾಲ್ಕು ಮೊಳೆ, ಒಂದು ಪಿನ್ನು ಅಂಟಿದವು. ಹಿಟ್ಟಿನ ದೊಡ್ಡ ಡಬ್ಬವನ್ನು ಸರಿಸಿದಾಗ ಗೋಡೆಯ ಸಂದಿನಲ್ಲಿ ಏನೋ ಹೊಳೆಯಿತು. ಭೀಮಸಿ ಹಾರಿ ಹಿಡಿದ. ಬೆಂಡೋಲೆಯಲ್ಲ, ಬೆಳ್ಳಿಯ ಕಾಲುಂಗುರ.

ಅದು ರಾಜೇಶ್ವರಿಯದು. ಮೂರು ವರ್ಷದ ಹಿಂದೆ ಅದು ಕಳೆದಾಗ, "ತವರಿಗೆ ಒಯ್ದು ತಂಗಿಗೆ ಕೊಟ್ಟಿರಬೇಕು," ಎಂದು ಕೆಂಪವ್ವ ಓಣಿ ಕೇಳುವಂತೆ ಅಂದಿದ್ದಳು. ರಾಜೇಶ್ವರಿ ಅಂದಿನಿಂದ ಒಂದೇ ಕಾಲಿಗೆ ಉಂಗುರ ಹಾಕಿಕೊಂಡು ಓಡಾಡಿದ್ದಳು, ಬೇರೆಯದನ್ನು ಕೊಂಡಿರಲಿಲ್ಲ.

ಕೆಂಪವ್ವ ಉಂಗುರವನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಮಂಡಿನೋವಿನ ಆ ಮುದುಕಿ, ಗೋಡೆ ಹಿಡಿದು ನಿಧಾನವಾಗಿ ಸೊಸೆಯ ಕಾಲ ಬಳಿ ಕೂತಳು.

"ಬ್ಯಾಡ್ರಿ ಅತ್ತಿ, ನಾ ಹಾಕ್ಕೋತೇನಿ..."

"ಸುಮ್ನ ನಿಂದ್ರ ಬೇ," ಎಂದು ಕೆಂಪವ್ವ ಆ ಪಾದವನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಹಿಟ್ಟು ಮೆತ್ತಿದ ಕಾಲ್ಬೆರಳನ್ನು ನೀರಿನಿಂದ ತೊಳೆದು, ಉಂಗುರ ತೊಡಿಸಿದಳು. ಮಾಸ್ತರರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಭೀಮಸಿ ಇದನ್ನೆಲ್ಲ ನೋಡಿದ. ನೋಡಿ, "ಇದಲ್ಲಕ್ಕಾ, ಇದು ಕಾಲುಂಗುರ," ಎಂದು ಹೇಳಿ ಮತ್ತೆ ಹಿಟ್ಟಿನ ಡಬ್ಬದೊಳಗೆ ತಲೆ ಹಾಕಿದ.

ಅಲ್ಲಿ ಸಿಗದೆ ಹುಡುಕಾಟ ಅವನ ಮನೆಗೇ ಬಂತು. ಸಂಜೆಯೊಳಗೆ ಒಬ್ಬರಾದ ಮೇಲೊಬ್ಬರು ಕುಸುಮವ್ವನನ್ನು ಮಾತಾಡಿಸುವ ನೆಪದಲ್ಲಿ ಒಳಗೆ ಬಂದರು. ಅವಳಿಗೆ ಅನುಮಾನ ಬರಬಾರದೆಂದು ಯಾರೂ ಅವಳ ಕಡೆ ನೇರ ನೋಡಲಿಲ್ಲ. ಒಬ್ಬರು ಅಡಿಗೆಮನೆ ಗುಡಿಸಿದರು, ಒಬ್ಬರು ಪಾತ್ರೆಗಳನ್ನು ಬೋರಲು ಹಾಕಿದರು. ಮಾಸ್ತರರು ಮನೆಯ ದೀಪಗಳನ್ನೆಲ್ಲ ಹಚ್ಚಿದರು. ಕಟ್ಟೆಯ ಮೇಲೆ ಲಗಮಣ್ಣ ಬಾಳೆಹಣ್ಣು ತಿನ್ನುತ್ತ ನರಳುತ್ತಿದ್ದ. ಭೀಮಸಿ ಹೆಂಡತಿಯ ಮುಂದೆಯೇ ಹತ್ತು ಸಲ ಹಾದುಹೋದ, ಹತ್ತು ಸಲವೂ ನೆಲ ನೋಡುತ್ತ. ಅವನಿಗೆ ಈಗ ಪಾಠದ ನೆನಪೂ ಇರಲಿಲ್ಲ. ದೇವರೇ, ಆಕೆಯ ಅವ್ವನದು ಆಕೆಗೆ ಸಿಕ್ಕರೆ ಸಾಕು ಎಂದು, ಬಹಳ ವರ್ಷಗಳ ಮೇಲೆ, ಬಾಯಿಪಾಠವಲ್ಲದ ಪ್ರಾರ್ಥನೆಯೊಂದನ್ನು ಅವನು ಮಂಚದ ಕೆಳಗೆ ಮಲಗಿಕೊಂಡು ಮಾಡಿದ.

ಅದೇ ಹೊತ್ತಿಗೆ ಪಾಸ್ಟರ್ ವಿಕ್ರಾಂತ ಬಂದರು. ಅವರಿಗೆ ಈ ಗದ್ದಲ ಒಂದೂ ತಿಳಿದಿರಲಿಲ್ಲ. ಕುಸುಮವ್ವನಿಗಾಗಿ ಪ್ರಾರ್ಥಿಸಲು ಬಂದವರು, ಎದುರು ಕೂತು, ಅವಳ ಮುಖ ನೋಡಿ ನಕ್ಕರು.

"ಕಾಕೂ, ಒಂದ ಕಿವಿಗೆ ಬೆಂಡೋಲಿ ಹಾಕ್ಕೊಂಡೀರಲ್ಲ? ಇನ್ನೊಂದು ಎಲ್ಲಿ?"

ಪೊರಕೆಗಳು ನಿಂತವು. ಮಂಚದ ಕೆಳಗೆ ಭೀಮಸಿಯ ತಲೆ ಟಣ್ಣೆಂದು ಹಲಗೆಗೆ ಬಡಿಯಿತು.

ಕುಸುಮವ್ವ ಸೆರಗು ಸರಿಸಿದಳು. ಎಡಗಿವಿಯಲ್ಲಿ ಬೆಂಡೋಲೆ ದೀಪಕ್ಕೆ ಹೊಳೆಯಿತು. "ಹಿಟ್ಟು ಎಷ್ಟೈತಿ ನೋಡೂಣಂತ ಮುಂಜಾನೆ ಕೈ ಹಾಕಿದೆರಿ, ಬೆರಳಿಗೆ ಸಿಕ್ಕಿತು. ಕಪಾಟಿನ್ಯಾಗ ಇಟ್ಟಿದ್ದು ಹಿಟ್ಟಿನ್ಯಾಗ ಹೆಂಗ ಬಂತೋ, ಇವರು ಬಂದು ಕೇಳಿದ್ರ ಹೇಳೂಣಂತ ಹಾಕ್ಕೊಂಡು ಕುಂತೆ. ಮುಂಜಾನಿಂದ ಒಬ್ರೂ ಕೇಳವಲ್ರು. ಎಲ್ಲಾರೂ ಬರತಾರ, ಕಸಾ ಹೊಡೀತಾರ, ಹೋಗತಾರ. ನನಗ ಆಪರೇಷನ್ ಆಗಿದ್ದಕ್ಕ ಮಂದಿಗೆ ಎಷ್ಟು ಪ್ರೀತಿ ಅಂತ ನಾ ಮನಸಿನ್ಯಾಗ ದೇವರಿಗೆ ಸ್ತೋತ್ರ ಹೇಳಾಕತ್ತಿದ್ದೆ."

"ಹಂಗಾದ್ರ ನನ್ನ ಹೊಟ್ಟ್ಯಾಗ ಏನೈತ್ರಿ?" ಎಂದು ಕಟ್ಟೆಯಿಂದ ಲಗಮಣ್ಣ ಕೂಗಿದ.

"ಆರು ಬಾಳೆಹಣ್ಣು," ಎಂದರು ಮಾಸ್ತರರು.

ಭೀಮಸಿ ಮಂಚದ ಕೆಳಗಿನಿಂದ ಹೊರಬಂದು, ತಲೆಯ ಮೇಲಿನ ಜೇಡರ ಬಲೆ ಸಹಿತ, ಎಲ್ಲರ ಮುಂದೆ ತಪ್ಪೊಪ್ಪಿಕೊಂಡ. ನಗಬೇಕೋ ಬೈಯಬೇಕೋ ತಿಳಿಯದೆ ಓಣಿಯವರು ಅವನ ಮನೆಯ ಕಸವನ್ನು ಮೊರಕ್ಕೆ ತುಂಬಿ, ಹೋಗುವಾಗ ಹೊರಗೆ ಚೆಲ್ಲಿ ಹೋದರು. ಕೆಂಪವ್ವ ಮಾತ್ರ ಬಾಗಿಲಲ್ಲಿ ತಿರುಗಿ ನಿಂತು, "ನೀ ಬಚ್ಚಿಟ್ಟಿದ್ದು ಚಲೋನ ಆತು ಬಿಡೋ," ಎಂದಳು.

ಭಾನುವಾರ ಭೀಮಸಿ ಎದ್ದು ನಿಂತ. ಮೊದಲ ಸಾಲಿನಲ್ಲಿ ಕುಸುಮವ್ವ ಎರಡೂ ಬೆಂಡೋಲೆ ಹಾಕಿಕೊಂಡು ಕುಳಿತಿದ್ದಳು. ಕಿಟಕಿಯ ಹತ್ತಿರ, ಚಪ್ಪಲಿ ಬಿಟ್ಟು, ಕೆಂಪವ್ವ ಮತ್ತು ರಾಜೇಶ್ವರಿ ಜೊತೆಯಾಗಿ ನಿಂತಿದ್ದರು. ಒಡೆದ ರೊಟ್ಟಿ, ತೊಳೆದ ಪಾದ, ಗುಡಿಸಿದ ಮನೆ ಎಲ್ಲ ಸತ್ಯವೇದದ ಪಾಠಗಳೇ ಎಂದು ಅವನಿಗೆ ರಾತ್ರಿಯೇ ತಿಳಿದಿತ್ತು. ಕಾಗದದ ಮೇಲೆ ಬರೆದೂ ತಂದಿದ್ದ. ಆದರೆ ಹೆಂಡತಿಯ ಮುಖ ನೋಡಿದ್ದೇ ಕಾಗದ ಮಸುಕಾಯಿತು.

"ನಿನ್ನೆ ನಾ ಊರೆಲ್ಲಾ ಹುಡುಕಿದೆರಿ," ಎಂದ. "ನನ್ನ ಹೆಂಡ್ತಿ ಮುಖಾ ಒಂದು ನೋಡಲಿಲ್ಲ." ಅಷ್ಟೇ ಹೇಳಿ ಕೂತುಬಿಟ್ಟ.

ಪಾಸ್ಟರು ಗಡಿಯಾರ ನೋಡಿದರು.

"ಭೀಮಸಿ ಕಾಕಾ, ಪಾಠ ಭಾಳ ದೊಡ್ಡದೈತಿ. ಆದ್ರ ಅರ್ಧ ನಿಮಿಷನೂ ಆಗಲಿಲ್ಲ. ಐದು ನಿಮಿಷ ಅಂದ್ರ ಐದು ನಿಮಿಷ. ಮುಂದಿನ ಐತವಾರನೂ ನಿಮ್ಮದ ಪಾಳಿ. ಮತ್ತ ಇದನ್ನ ಹೇಳಾಕ ಬರಂಗಿಲ್ಲ, ಇದು ಹೇಳಿ ಮುಗೀತು."

ಭೀಮಸಿ ಕೈಯಲ್ಲಿದ್ದ ಕಾಗದವನ್ನೂ ಹೆಂಡತಿಯನ್ನೂ ನೋಡಿದ. ಕುಸುಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಪ್ಪು ಕನ್ನಡಕದ ಕೆಳಗಿನಿಂದ, ಇಡೀ ಓಣಿ ಒಂದು ದಿನವಿಡೀ ಕಾದು ತಡೆದಿದ್ದ ನೀರು, ಧಾರಾಳವಾಗಿ ಇಳಿಯುತ್ತಿತ್ತು.