ಅರ್ಧ ಹತ್ತಿದ ಹಡಗು

ಪ್ರಯಾಣ ಹೊರಡುವವರಲ್ಲಿ ಎರಡು ಪಂಗಡ. ಬಂಡಿ ಬರುವ ಎಷ್ಟೋ ಹೊತ್ತು ಮೊದಲೇ ಸ್ಟೇಶನ್ನಿಗೆ ಹೋಗಿ, ಟ್ರಂಕಿನ ಮೇಲೆ ಕೂತು ಹಳಿ ನೋಡುವವರು ಒಂದು ಪಂಗಡ. ಬಂಡಿ ಕದಲಿದ ಮೇಲೆ ಓಡಿ ಹಿಡಿಯುವವರು ಇನ್ನೊಂದು. ದೇವರು ಈ ಎರಡೂ ಪಂಗಡದಿಂದ ಒಬ್ಬೊಬ್ಬರನ್ನು ಹುಡುಕಿ ತೆಗೆದು ಮದುವೆ ಮಾಡಿಸುತ್ತಾನೆ. ನಾನು ಎರಡನೆಯ ಪಂಗಡದವನು, ಮತ್ತು ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಹುಟ್ಟಿ ಬೆಳೆದದ್ದು ವಾಡಿಯಲ್ಲಿ, ಸ್ಟೇಶನ್ನಿಗೆ ಹತ್ತಿದ ಓಣಿಯಲ್ಲಿ. ಬಂಡಿ ಬಂದ ಸಪ್ಪಳ ಕೇಳಿದ ಮೇಲೆ ನಮ್ಮಪ್ಪ ಊಟದ ಎಲೆಯ ಮುಂದಿನಿಂದ ಏಳುತ್ತಿದ್ದರು. ಕೈ ತೊಳೆದು, ಶಲ್ಯ ಹೊದ್ದು, ಅಂಗಳದ ತುಳಸಿಗೆ ನಮಸ್ಕಾರ ಮಾಡಿ ಹೋದರೂ ಅವರಿಗೆ ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ನಮಗೆ ರೈಲೆಂದರೆ ಪಕ್ಕದ ಮನೆ. ಪಕ್ಕದ ಮನೆಗೆ ಹೋಗಲು ಯಾರಾದರೂ ಎರಡು ತಾಸು ಮೊದಲು ಹೊರಡುತ್ತಾರೆಯೇ? ಮೇಲಾಗಿ ನನಗೆ ಸಿಕ್ಕಿದ್ದು ಸೇಡಂನ ಒಂದು ಸರ್ಕಾರಿ ಕಚೇರಿಯ ಕೆಲಸ. ಅಲ್ಲಿ ಜನ ನನಗಾಗಿ ಕಾಯುತ್ತಾರೆ. ಕಾಯುವ ಅಭ್ಯಾಸ ನನಗೆ ಎಲ್ಲಿಂದ ಬರಬೇಕು?

ನನ್ನ ಹೆಂಡತಿ ವಾರಿಜಾಳದು ಚಿಂಚೋಳಿ ತಾಲೂಕಿನ ಕೊಡ್ಲಿ. ಅವಳು ಚಿಕ್ಕವಳಿದ್ದಾಗ ಅವಳ ಓಣಿಯವರು ನಂಬಿದ್ದು ಬೆಳಗಿನ ಒಂದೇ ಬಸ್ಸನ್ನು. ಅದು ತಪ್ಪಿತೆಂದರೆ ಮದುವೆ ತಪ್ಪಿತು, ಪರೀಕ್ಷೆ ತಪ್ಪಿತು, ಒಮ್ಮೊಮ್ಮೆ ಸತ್ತವರ ಮುಖ ನೋಡುವುದೂ ತಪ್ಪಿತು. ಹೀಗಾಗಿ ಅವಳ ರಕ್ತದಲ್ಲೇ ಒಂದು ಗಡಿಯಾರ ಸೇರಿಕೊಂಡಿದೆ, ಮತ್ತು ಅದು ಮುಂದೆ ಓಡುತ್ತದೆ. ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಭೂಗೋಳ ಕಲಿಸುತ್ತಾಳೆ. ದಿನವೂ ಸೇಡಂನಿಂದ ಪ್ಯಾಸೆಂಜರ್ ಬಂಡಿಗೆ ಹೋಗಬೇಕು. ಇಷ್ಟು ವರ್ಷಗಳಲ್ಲಿ ಅವಳು ಸ್ಟೇಶನ್ನಿನಲ್ಲಿ ಕೂತು ಹೆಣೆದ ಸ್ವೆಟರುಗಳು ನಮ್ಮ ಬಿಸಿಲೂರಿನ ಮನೆಯಲ್ಲಿ ಒಂದು ಕಪಾಟು ತುಂಬ ಇವೆ. ಹಾಕಿಕೊಳ್ಳುವಷ್ಟು ಚಳಿ ಮಾತ್ರ ಇನ್ನೂ ಬಿದ್ದಿಲ್ಲ.

ಹೆಸರು ವಾರಿಜಾ, ಅಂದರೆ ನೀರಿನಲ್ಲಿ ಹುಟ್ಟಿದವಳು. ಆದರೆ ಅವಳು ಸಮುದ್ರ ಕಂಡವಳಲ್ಲ. ನಮ್ಮ ಮನೆಯ ನೆಲ ಶಹಾಬಾದಿನ ಕಲ್ಲು. ಆ ಬಂಡೆ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತೆಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ಕೇಳಿದ ನಮ್ಮವ್ವ, “ಹಂಗಾದ್ರ ನಾ ದಿನಾ ಸಮುದ್ರದಾಗೇ ಕುಂತು ಕಾಯಿಪಲ್ಲೆ ಹೆಚ್ಚಲಿಕತ್ತೀನಿ ಅನ್ನು,” ಎಂದಿದ್ದಳು. ನಮ್ಮ ಸೀಮೆಗೂ ಸಮುದ್ರವಿತ್ತು, ನಾವು ಬರುವುದು ತಡವಾಯಿತೆಂದು ಹೊರಟುಹೋಗಿದೆ ಎಂಬುದು ನನ್ನ ಅಭಿಪ್ರಾಯ. ಹವಳದ ದ್ವೀಪಗಳ ಪಾಠ ಬಂದಾಗ ವಾರಿಜಾ ಬಣ್ಣದ ಸೀಮೆಸುಣ್ಣಗಳನ್ನು ಕೈಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಬೋರ್ಡಿನ ನಡುವೆ ತಿಳಿನೀಲಿ ನೀರು, ಸುತ್ತ ಉಂಗುರದ ಹಾಗೆ ಕೆಂಪು ಹವಳ. ಕೆಂಪು ಏಕೆಂದರೆ ಅವಳು ಕಂಡ ಹವಳ ತನ್ನ ತಾಳಿಯಲ್ಲಿದ್ದ ಎರಡು ಮಣಿಗಳಷ್ಟೇ. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನೀವು ಇದನ್ನ ನೋಡೀರೇನ್ರಿ?” ಎಂದು ಕೇಳಿದಳಂತೆ. ವಾರಿಜಾ ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದಳು. ಆದರೆ ಆ ವಾರವೆಲ್ಲ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸರ್ಕಾರಿ ನೌಕರರಿಗೆ ಸಿಗುವ ಪ್ರವಾಸದ ರಜೆ ನನಗೂ ಬಂತು. ಕೊಚ್ಚಿಯಿಂದ ಒಂದು ಹಡಗು ಲಕ್ಷದ್ವೀಪಕ್ಕೆ ಹೋಗುತ್ತದೆ, ಹಗಲು ದ್ವೀಪ ತೋರಿಸುತ್ತಾರೆ, ಊಟ ನಿದ್ದೆಯೆಲ್ಲ ಹಡಗಿನಲ್ಲೇ ಎಂದು ವಾರಿಜಾ ಪತ್ರಿಕೆಯಲ್ಲಿ ಓದಿದಳು. ಹಡಗು ಹೊರಡುವುದು ಶುಕ್ರವಾರ ಮಧ್ಯಾಹ್ನ. ಹಡಗಿನ ಟಿಕೀಟು ಬಂದವು. ಅಷ್ಟರಲ್ಲಿ ನಮ್ಮಂಥವರೂ ಹತ್ತಬಹುದಾದ ಅಗ್ಗದ ವಿಮಾನಗಳು ಹಾರತೊಡಗಿದ್ದವು. ನಾನು ಹೆಂಡತಿಯನ್ನು ಬೆರಗುಗೊಳಿಸಬೇಕೆಂದು ಹೈದರಾಬಾದಿನಿಂದ ಕೊಚ್ಚಿಗೆ ಶುಕ್ರವಾರ ಬೆಳಗಿನ ವಿಮಾನಕ್ಕೆ ಎರಡು ಟಿಕೀಟು ತೆಗೆಸಿಕೊಂಡು ಬಂದೆ. ಗುರುವಾರ ಸಂಜೆ ಸೇಡಂನಲ್ಲಿ ರೈಲು, ಶುಕ್ರವಾರ ಬೆಳಿಗ್ಗೆ ವಿಮಾನ, ಮಧ್ಯಾಹ್ನ ಹಡಗು. ನೆಲ, ಆಕಾಶ, ನೀರು ಮೂರನ್ನೂ ಒಂದರ ಬೆನ್ನಿಗೆ ಒಂದು ಪೋಣಿಸಿದ್ದೆ. ಅವಳು ಬೆರಗಾದಳು, ಆದರೆ ನಾನು ಅಂದುಕೊಂಡ ರೀತಿಯಲ್ಲಲ್ಲ.

“ಹಡಗಾ ಹೊಂಡೂ ದಿನಾನೇ ವಿಮಾನಾ ಹತ್ತೂದಾ? ವಿಮಾನ ತಡಾ ಆದ್ರ?”

“ವಿಮಾನ ಯಾಕ ತಡಾ ಆಗ್ತದ? ಅದಕ್ಕೇನು ಎದುರಿಂದ ಗೂಡ್ಸ್ ಬರ್ತದೇನು?”

“ಬಸ್ ತಪ್ಪಿದ್ರ ಇನ್ನೊಂದು ಬಸ್ ಬರ್ತದರಿ. ಹಡಗಾ ತಪ್ಪಿದ್ರ ಹಿಂದಿಂದ ಈಸಿಕೋತ ಹೋಗ್ತೀರೇನು? ಒಂದಿನ ಮೊದ್ಲು ಹೋಗಿ ಕುಂತ್ರ ಗಂಟೇನು ಹೋಗ್ತದ?”

ನಾನು ಬೆಂಬಲಕ್ಕಾಗಿ ಎದುರುಮನೆಯ ಶಿವಶರಣಪ್ಪನವರ ಹತ್ತಿರ ಹೋದೆ. ಅವರು ತೊಗರಿ ವ್ಯಾಪಾರಿಗಳು, ಹಣೆ ತುಂಬ ವಿಭೂತಿ, ಎಲ್ಲ ವಿಷಯಕ್ಕೂ ಗಟ್ಟಿ ಅಭಿಪ್ರಾಯ. “ಸಾಹೇಬ್ರ, ಖಾಲಿಪೀಲಿ ಫಿಕರ್ ಮಾಡಬ್ಯಾಡ್ರಿ. ವಿಮಾನ ಅಂದ್ರ ಇಲ್ಲಿ ಕಣ್ಣು ಮುಚ್ಚಿದ್ರ ಅಲ್ಲಿ ತೆಗೀಬೇಕು,” ಎಂದರು. ನನಗೆ ಆನೆಬಲ ಬಂತು. ಅವರೂ ವಿಮಾನವನ್ನು ನನ್ನ ಹಾಗೆಯೇ ಅಂಗಳದಲ್ಲಿ ನಿಂತು, ತಲೆಯೆತ್ತಿ ನೋಡಿದವರೆಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಜಗಳ ನಾಲ್ಕಾರು ದಿನ ನಡೆಯಿತು. ಅವ್ವ ಪಂಚಾಂಗ ತೆಗೆದಳು. ಗುರುವಾರ ದಕ್ಷಿಣ ದಿಕ್ಕಿಗೆ ಶೂಲವಿದೆ, ಮನೆಯಿಂದ ಹೊರಡಕೂಡದು ಎಂದಳು. ನಮ್ಮ ರೈಲು ಹೋಗುವುದು ಪೂರ್ವಕ್ಕೆ, ಹೈದರಾಬಾದಿಗೆ ಎಂದು ನಾನು ವಾದಿಸಿದೆ. “ಕಡೀಕ ಎಲ್ಲಿ ಮುಟ್ತಿ ಅದನ್ನ ನೋಡಬೇಕೋ ಶ್ಯಾಣ್ಯಾ,” ಎಂದಳು. ಹಾಗಾದರೆ ಪ್ರಸ್ಥಾನ ಇಡೋಣ ಎಂದೆ. ನಮ್ಮಲ್ಲಿ ಇದೊಂದು ಅನುಕೂಲವಿದೆ. ಹೊರಡುವ ದಿನ ಸರಿಯಿಲ್ಲದಿದ್ದರೆ ಒಳ್ಳೆಯ ದಿನವೊಂದರಲ್ಲಿ ಬಟ್ಟೆಯ ಗಂಟನ್ನೋ ಕೊಡೆಯನ್ನೋ ನೆರೆಮನೆಯಲ್ಲಿ ಇಟ್ಟುಬರುವುದು. ಗಂಟು ಹೊರಬಿದ್ದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ಮನುಷ್ಯ ತನಗೆ ಬೇಕಾದಾಗ ಹೋಗಬಹುದು. ಶಾಸ್ತ್ರ ಬರೆದವರಲ್ಲಿಯೂ ನನ್ನ ಪಂಗಡದವರು ಇದ್ದರೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬುಧವಾರ ನನ್ನ ಚೀಲವನ್ನು ಶಿವಶರಣಪ್ಪನವರ ಮನೆಯಲ್ಲಿ ಇಡುವುದೆಂದು ಹೇಳಿ ಗೆದ್ದ ಮುಖ ಮಾಡಿ ಕೂತೆ.

ಆಗ ವಾರಿಜಾ ಸಣ್ಣ ದನಿಯಲ್ಲಿ ಹೇಳಿದಳು, “ಅತ್ತೀ, ಪ್ರಸ್ಥಾನಕ್ಕ ಗಂಟೇ ಆಗಬೇಕೇನು? ಬುಧವಾರ ನಾನೇ ಹೋದ್ರ?”

ನಾನು ನಕ್ಕೆ. ಅವ್ವ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ದೊಡ್ಡ ಮಠದ ತೀರ್ಪು ಕೊಡುವವಳಂತೆ ಹೇಳಿದಳು. “ಆಗ್ತದ. ಯಾಕ ಆಗಂಗಿಲ್ಲ? ಹೆಂಡ್ತಿ ಅಂದ್ರ ಅರ್ಧಾಂಗಿ. ಆಕಿ ಹೋದ್ರ ಅರ್ಧ ನೀನೇ ಹೋದಂಗ. ಉಳದರ್ಧ ಆಮ್ಯಾಲ ಬರ್ಲಿ.”

ಮರುದಿನವೇ ವಾರಿಜಾ ತನ್ನ ವಿಮಾನದ ಟಿಕೀಟನ್ನು ಗುರುವಾರಕ್ಕೆ ಬದಲಿಸಿಕೊಂಡಳು. ನಾನೂ ಬದಲಿಸಬಹುದಿತ್ತು. ಆದರೆ ಶಿವಶರಣಪ್ಪನವರೆದುರು ಅಷ್ಟು ಮಾತಾಡಿದ್ದೆನಲ್ಲ, ಮೀಸೆ ಅಡ್ಡ ಬಂತು. ಬುಧವಾರ ಸಂಜೆ ಅವಳನ್ನು ರೈಲು ಹತ್ತಿಸಲು ಹೋದೆ. ಒಬ್ಬಳೇ ಅಷ್ಟು ದೂರ ಎಂದೂ ಹೋದವಳಲ್ಲ. ಮನೆಯಲ್ಲಿದ್ದ ಒಂದೇ ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಕಿಟಕಿಯಿಂದ ಅವಳು, “ನಾಳೆ ಸಂಜೀಗಿ ಲಗೂ ಹೊಂಡ್ರಿ,” ಎಂದಳು. ಕಣ್ಣಲ್ಲಿ ನೀರಿತ್ತು. ಬುಧವಾರದ ಗಾಳಿಗೆ ಧೂಳು ಬಿದ್ದಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಬೆಳಿಗ್ಗೆ ನಾನು ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ಸಮಯಕ್ಕೆ ಸರಿಯಾಗಿಯೇ ಮುಟ್ಟಿದೆ. ಇದನ್ನು ದಯವಿಟ್ಟು ಗಮನಿಸಬೇಕು. ಆದರೆ ಹೊರಗೆ ಮಂಜು ಬಿದ್ದಿತ್ತು. ನಮ್ಮ ಸೀಮೆಯವನಿಗೆ ಮಂಜೆಂದರೆ ಕ್ಯಾಲೆಂಡರಿನ ಚಿತ್ರದಲ್ಲಿ ಕಾಣುವ ವಸ್ತು. ಅದು ನನ್ನ ದಾರಿಗೆ ಅಡ್ಡ ಬಂದು ನಿಲ್ಲಬಹುದೆಂದು ಹೊಳೆದೇ ಇರಲಿಲ್ಲ. ರೈಲಾದರೆ ಇಳಿದು ಎಂಜಿನ್ನಿನ ಕಡೆ ನಡೆದು, ಏನಾಗಿದೆ ಎಂದು ಡ್ರೈವರನನ್ನೇ ಕೇಳಬಹುದು, ಹಳಿಯ ಪಕ್ಕ ಕೂತು ಒಂದು ಚಹಾ ಕುಡಿಯಬಹುದು. ಇಲ್ಲಿ ಗಾಜಿನಾಚೆ ಬೆಳ್ಳಗಿನ ಗೋಡೆ, ಗಾಜಿನೀಚೆ ನಾನು. ಕೊನೆಗೆ ಮಂಜು ಕರಗಿತು. ಆಗ ನೋಡಿದರೆ ನಮ್ಮ ವಿಮಾನವೇ ಇರಲಿಲ್ಲ. ಅದು ಇನ್ನಾವುದೋ ಊರಿನ ಮಂಜಿನಲ್ಲಿ ಸಿಕ್ಕಿಕೊಂಡಿದೆ ಎಂದರು. ಎದುರಿನಿಂದ ಗೂಡ್ಸ್ ಬರುವುದಿಲ್ಲ ಎಂದಿದ್ದ ನನ್ನ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

ನಾಣ್ಯ ಹಾಕುವ ಫೋನಿನಿಂದ ವಾರಿಜಾಳಿಗೆ ಹಚ್ಚಿದೆ.

“ಎಲ್ಲಿದ್ದೀರಿ?”

“ಬೇಗಂಪೇಟದಾಗೇ ಇದ್ದೀನಿ. ವಿಮಾನಾ ಇನ್ನಾ ಬಂದಿಲ್ಲ.”

ಅವಳು “ನಾ ಹೇಳಿದ್ದಿಲ್ಲೇನು?” ಎನ್ನಲಿಲ್ಲ. ಅವಳಿಗೆ ಅದನ್ನು ಹೇಳುವ ಪೂರ್ಣ ಹಕ್ಕಿತ್ತು. ಈ ಒಂದು ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬದಲಿಗೆ ಅಂದಳು, “ಇಲ್ಲಿ ಮಂದೀಗಿ ಹಡಗಾದಾಗ ಬಿಡ್ಲಿಕತ್ತಾರ. ನಾ ಇಲ್ಲೇ ನಿಂದ್ರಲೇನ್ರಿ? ಇಬ್ರೂ ಕೂಡಿ ಮುಂದ ಎಂದರ ಹೋಗೂಣು.”

ಮುಂದೆ ಎಂದಾದರೂ ಎಂಬ ದಿನ ನಮ್ಮಂಥವರ ಪಂಚಾಂಗದಲ್ಲಿ ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಿಜ ಹೇಳುತ್ತೇನೆ, ನಿಂತುಬಿಡು ಎಂಬ ಮಾತು ಬಾಯಿಗೆ ಬಂದಿತ್ತು. ಇಬ್ಬರಿಗೂ ತಪ್ಪಿದರೆ ಅದು ಹಣೆಬರಹ ಎನಿಸಿಕೊಳ್ಳುತ್ತದೆ, ನನಗೊಬ್ಬನಿಗೇ ತಪ್ಪಿದರೆ ದಡ್ಡತನ. ಆದರೆ ಅದೇ ಹೊತ್ತಿಗೆ ಮುಂದಿನ ಬೆಂಚಿನ ಆ ಹುಡುಗಿ, ನಾನು ಒಮ್ಮೆಯೂ ನೋಡದ ಹುಡುಗಿ, ಎದ್ದು ನಿಂತ ಹಾಗಾಯಿತು.

“ಏ ಹುಚ್ಚಿ, ಹತ್ತು ಮೊದಲ! ನಿಂತ್ರ ಆ ಹುಡುಗಿಗಿ ಏನು ಹೇಳ್ತಿ?”

“ಒಬ್ಬಾಕಿ ಹೆಂಗ ಹೋಗ್ಲಿರಿ?”

“ಒಬ್ಬಾಕಿ ಎಲ್ಲಿ? ಅವ್ವ ಹೇಳ್ಯಾಳಲ್ಲ, ಅರ್ಧ ನಾ ನಿನ್ನ ಕೂಡೇ ಇದ್ದೀನಿ. ಹತ್ತು.”

ಆ ಕಡೆಯಿಂದ ಬಂದದ್ದು ಅಳುವೋ ನಗುವೋ ತಿಳಿಯುವ ಮೊದಲೇ ಫೋನು ಕಟ್ಟಾಯಿತು. ಜೀವನದಲ್ಲಿ ನಾನು ಸರಿಯಾದ ಹೊತ್ತಿಗೆ ಮಾಡಿದ ಕೆಲಸ ಅದೊಂದೇ ಎಂದು ಕಾಣುತ್ತದೆ.

ಕೊಚ್ಚಿಯಲ್ಲಿ ಇಳಿದಾಗ ಸಂಜೆಯಾಗಿತ್ತು. ಆದರೂ ಹಡಗುಕಟ್ಟೆಗೆ ಆಟೋ ಮಾಡಿಕೊಂಡು ಹೋದೆ, ವಾಡಿಯವನಿಗೆ ಆಸೆ ಬೇಗ ಬಿಡುವುದಿಲ್ಲ. ಹಡಗು ನಿಂತಿದ್ದ ಕಡೆ ಬರೀ ನೀರು ಇತ್ತು. ಓಡಿ ಹಿಡಿಯಲು ಅಲ್ಲಿ ಪ್ಲಾಟ್‌ಫಾರ್ಮ್ ಮುಂದಕ್ಕೆ ಚಾಚಿರಲಿಲ್ಲ. ಅವಳು ತಂಗಿದ್ದ ಲಾಜಿಗೆ ಹೋಗಿ ಹೆಸರು ಹೇಳಿದೆ. ಮ್ಯಾನೇಜರು ಕೂಡಲೇ ಕೀಲಿಕೈ ತೆಗೆದುಕೊಟ್ಟು, ಹಡಗು ಮರಳಿ ಬರುವವರೆಗೆ ಮೇಡಮ್ಮು ಕೋಣೆ ಹಿಡಿದಿಟ್ಟಿದ್ದಾರೆ, ನೀವು ಇವತ್ತು ಸಂಜೆ ಬರುತ್ತೀರೆಂದು ನಿನ್ನೆಯೇ ಹೇಳಿದ್ದರು ಎಂದು ಹಿಂದಿಯಲ್ಲಿ ತಿಳಿಸಿದ. ನಿನ್ನೆಯೇ! ಮಂಜು ಬೀಳುವ ಮೊದಲೇ! ಸಿಟ್ಟು ನೆತ್ತಿಗೇರಿತು. ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆಯ ಗಂಟಿತ್ತು. ಬಿಚ್ಚಿದೆ. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿಯ ಪುಡಿ, ನನ್ನ ತಲೆನೋವಿನ ಗುಳಿಗೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಎರಡನೆಯ ರೊಟ್ಟಿ ಮುರಿಯುವಾಗ ಸಿಟ್ಟು ಇಳಿಯಿತು. ನನ್ನ ದಡ್ಡತನವನ್ನು ನನಗಿಂತ ಒಂದು ದಿನ ಮೊದಲೇ ಊಹಿಸಿ, ಅದರ ಊಟದ ವ್ಯವಸ್ಥೆಯನ್ನೂ ಮಾಡಿಟ್ಟು ಹೋಗುವವಳು ಎಷ್ಟು ಜನರಿಗೆ ಸಿಗುತ್ತಾಳೆ? ಅಂಥವಳ ದಾರಿಗೆ ನಾನು ಅಡ್ಡ ನಿಲ್ಲದಂತೆ ನೋಡಿಕೊಂಡ ಅವ್ವನ ಪಂಚಾಂಗಕ್ಕೂ, ಬುಧವಾರಕ್ಕೂ ಅಲ್ಲಿಯೇ ಕೂತು ಕೈಮುಗಿದೆ.

ಹಡಗು ಮರಳಿ ಬರುವ ದಿನ ನಾನು ಬೆಳಗಾಗುವುದರೊಳಗೆ ಕಟ್ಟೆಯ ಮೇಲಿದ್ದೆ. ಕಾವಲುಗಾರ ಎರಡು ಸಲ ಬಂದು, ಹಡಗು ಬರುವುದು ಹೊತ್ತೇರಿದ ಮೇಲೆ ಎಂದು ಹೇಳಿ ಹೋದ. ಕೂತೇ ಇದ್ದೆ. ಹೆಣೆಯಲು ಸ್ವೆಟರು ಇರಲಿಲ್ಲ, ಅಷ್ಟೇ ಕೊರತೆ.

ವಾರಿಜಾ ಇಳಿದು ಬಂದಳು. ಮುಖ ಸುಟ್ಟು ಕಪ್ಪಾಗಿತ್ತು, ಸೀರೆಯ ಅಂಚಿಗೆ ಉಪ್ಪು ಕಟ್ಟಿತ್ತು. ಹೇಗಿದ್ದೀರಿ ಎಂದು ಕೂಡ ಕೇಳಲಿಲ್ಲ. “ರೀ, ಗಾಜಿನ ತಳದ ದೋಣ್ಯಾಗ ಕುಂದ್ರಿಸಿದ್ರು. ನಾ ಬೋರ್ಡಿನ ಮ್ಯಾಲ ಬರಿದಿದ್ದೆಲ್ಲಾ ಸುಳ್ಳರಿ! ಹವಳ ಹಳದಿ ಅದ, ಕಂದು ಅದ, ನೇರಳಿ ಅದ. ಕೆಂಪು ನಾ ಒಂದೂ ಕಾಣಲಿಲ್ಲ. ಇಷ್ಟು ವರ್ಷ ತಪ್ಪು ಕಲಿಸೀನಿ!” ತಾನು ತಪ್ಪೆಂದು ತಿಳಿದು ಅಷ್ಟು ಸಂತೋಷಪಟ್ಟವರನ್ನು ನಾನು ಎಲ್ಲಿಯೂ ಕಂಡಿಲ್ಲ. ನಾನು ನನ್ನ ತಪ್ಪನ್ನು ಆ ಸಂತೋಷದ ಅಡಿಯಲ್ಲಿ ಮೆಲ್ಲಗೆ ಸರಿಸಿಬಿಟ್ಟೆ.

ಊರಿಗೆ ಬಂದಾಗ ಅವ್ವ ಎಲ್ಲ ಕೇಳಿ, “ಶೂಲ ಬರೋಬ್ಬರಿ ನಿನಗಷ್ಟೇ ನೆಟ್ಟದ ನೋಡು,” ಎಂದಳು. ಶಿವಶರಣಪ್ಪನವರು ಮಂಜಿನ ಮೇಲೆ ಒಂದು ಹೊಸ ಗಟ್ಟಿ ಅಭಿಪ್ರಾಯ ತಯಾರಿಸಿಕೊಂಡರು. ಮುಂದಿನ ಬೆಂಚಿನ ಹುಡುಗಿಗೆ ವಾರಿಜಾ ಬಣ್ಣ ಬದಲಿಸಿ ಚಿತ್ರ ಬರೆದು ತೋರಿಸಿದಳಂತೆ. “ಸರ್ ಭೀ ನೋಡಿದ್ರೇನ್ರಿ?” ಎಂದು ಆ ಹುಡುಗಿ ಕೇಳಿದ್ದಕ್ಕೆ, “ಅವರು ಹತ್ತು ಅಂದ್ರು ಅಂತೇ ನಾ ನೋಡ್ದೆ,” ಎಂದಳಂತೆ. ಇದನ್ನು ನನಗೆ ಅವಳು ಹೇಳಲಿಲ್ಲ, ಅವಳ ಜೊತೆಯ ಟೀಚರೊಬ್ಬರು ರೈಲಿನಲ್ಲಿ ಹೇಳಿದರು.

ಇದನ್ನು ಬರೆಯುತ್ತಿರುವುದು ಸೇಡಂ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು. ಗಂಟುಮೂಟೆಗಳೆಲ್ಲ ನನ್ನ ಸುತ್ತ ಇವೆ. ಬಂಡಿ ಬರಲು ಇನ್ನೂ ಬಹಳ ಹೊತ್ತಿದೆ, ಹಳಿಗಳನ್ನು ನೋಡಿ ನೋಡಿ ಕಣ್ಣು ನೋಯುತ್ತಿದೆ. ವಾರಿಜಾ ಇನ್ನೂ ಮನೆಯಿಂದ ಹೊರಟಿಲ್ಲ. ಒಬ್ಬಳೇ ಸಮುದ್ರ ದಾಟಿ ಬಂದ ಮೇಲೆ ಅವಳಿಗೆ ರೈಲಿನ ಹೆದರಿಕೆ ಹೊರಟುಹೋಗಿದೆ. ಬೇಗ ಹೊರಡು ಎಂದು ನಾನು ಬಾಗಿಲಲ್ಲಿ ನಿಂತು ಚಡಪಡಿಸುತ್ತಿದ್ದರೆ, ತಲೆ ಬಾಚಿಕೊಳ್ಳುತ್ತಲೇ ಅಂದಳು, “ನೀವು ಮುಂದ ನಡೀರಿ. ನೀವು ಹೋದ್ರ ಅರ್ಧ ನಾನೇ ಹೋದಂಗ.”